ಪುಡಿ ಬೆರೆತರೂ ತಿಳಿಯಾಗಿರುವ ಪ್ಲಾಸ್ಟಿಕ್

ಉಡುಪಿಯ ಅಡುಗೆಮನೆಗಳಲ್ಲಿ ದಿನವೂ ಕಾಣುವ ತೆಂಗಿನಹಾಲು ಬೆಳ್ಳಗೇಕೆ? ನೀರೂ ತಿಳಿ, ಕಾಯಿಸಿದ ಎಣ್ಣೆಯೂ ತಿಳಿ. ಆದರೆ ನೀರಿನಲ್ಲಿ ತೇಲುವ ಎಣ್ಣೆಯ ಹನಿಗಳು ಬೆಳಕನ್ನು ದಿಕ್ಕುದಿಕ್ಕಿಗೆ ಚದುರಿಸುತ್ತವೆ. 1432ರಲ್ಲಿ ಪ್ರತಿಷ್ಠಾಪಿತವಾದ ಕಾರ್ಕಳದ ಗೊಮ್ಮಟಮೂರ್ತಿಯಂತಹ ಕಗ್ಗಲ್ಲಿನಲ್ಲಿಯೂ ತಿಳಿಯಾದ ಬೆಣಚಿನ ಹರಳುಗಳಿರುತ್ತವೆ. ಅನ್ಯ ಖನಿಜಗಳೊಡನೆ ಬೆಸೆದ ಬಂಡೆ ಮಾತ್ರ ಅಪಾರದರ್ಶಕ. ಹೀಗಿರಲು, ಪ್ಲಾಸ್ಟಿಕಿಗೆ ಖನಿಜದ ಪುಡಿ ಬೆರೆಸಿ ಮಸೂರ ಮಾಡುವೆನೆಂಬುದು ಮೊದಲ ನೋಟಕ್ಕೆ ಹುಚ್ಚುತನವೇ ಸರಿ.

ಆದರೂ ಅದರ ಅಗತ್ಯವಿದೆ. ಕಾಪುವಿನ ಬಂಡೆಯ ಮೇಲೆ 1901ರಲ್ಲಿ ದೀಪಸ್ತಂಭ ನಿಂತ ಕಾಲದಲ್ಲಿ ಮಸೂರವೆಂದರೆ ಗಾಜು. ದೊಡ್ಡ ಮಸೂರದ ಭಾರವನ್ನು ತಗ್ಗಿಸಲು ಫ್ರಾನ್ಸಿನ ಫ್ರೆನೆಲ್ ಗಾಜನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುವ ಉಪಾಯ ಕಂಡಿದ್ದನು. ದೃಷ್ಟಿದೋಷ ಹೆಚ್ಚಾದ ಬಾಲಕನ ಕನ್ನಡಕಕ್ಕೆ ಆ ಮೆಟ್ಟಿಲು ಸಲ್ಲದು. ಹಗುರವಾದ ಅಕ್ರಿಲಿಕ್ಕಿನ ವಕ್ರೀಭವನ ಸೂಚ್ಯಂಕವೋ ಬರಿಯ 1.49, ಆದುದರಿಂದ ಮಸೂರ ದಪ್ಪವಾಗುತ್ತದೆ. ಸುಮಾರು 2.5 ಸೂಚ್ಯಂಕದ ಟೈಟಾನಿಯಂ ಡೈಆಕ್ಸೈಡನ್ನು ಗಾತ್ರದಲ್ಲಿ ಐದನೆಯ ಒಂದು ಪಾಲು ಬೆರೆಸಿದರೆ, ಲೆಕ್ಕದ ಪ್ರಕಾರ, ಮಿಶ್ರಣದ ಸೂಚ್ಯಂಕ 1.7ರ ಸಮೀಪಕ್ಕೆ ಏರುತ್ತದೆ. ಕಣ್ಣಿನ ವೈದ್ಯನ ಬೇಡಿಕೆಗೂ ಎಂಜಿನಿಯರನ ಸಾಮಗ್ರಿಗೂ ಇರುವ ಈ ನಂಟು ಮಣಿಪಾಲದಂತಹ ಊರಿನವರಿಗೆ ಹೊಸದೆನಿಸದು. 1953ರ ವೈದ್ಯಕೀಯ ಕಾಲೇಜೂ 1957ರ ತಾಂತ್ರಿಕ ಕಾಲೇಜೂ ಅಲ್ಲಿ ನೆರೆಹೊರೆ.

ಗುಟ್ಟಿರುವುದು ಕಣದ ಗಾತ್ರದಲ್ಲಿ. ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ ಸುಮಾರು 400ರಿಂದ 700 ನ್ಯಾನೊಮೀಟರು. ಒಂದು ನ್ಯಾನೊಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಕಣವು ತರಂಗದೂರದ ಹತ್ತನೆಯ ಒಂದು ಪಾಲಿಗಿಂತಲೂ ಬಹಳ ಚಿಕ್ಕದಾಗಿದ್ದರೆ ಬೆಳಕು ಅದನ್ನು ಗಣಿಸದೆಯೇ ಸಾಗುತ್ತದೆನ್ನಬಹುದು. ಬೆರೆಸಿದ ಪುಡಿಯ ಮೊತ್ತ ಅಷ್ಟೇ ಇದ್ದು, 10 ನ್ಯಾನೊಮೀಟರಿನ ಕಣಗಳು ಕೂಡಿ 50 ನ್ಯಾನೊಮೀಟರಿನ ಗಂಟುಗಳಾದರೆ ಚದುರಿಕೆ ಸುಮಾರು 125 ಪಟ್ಟು ಹೆಚ್ಚುತ್ತದೆ.

ಬಿಸಿನೀರಿಗೆ ಅಕ್ಕಿಹಿಟ್ಟು ಸುರಿದಾಗ ಗಂಟುಕಟ್ಟುವುದನ್ನು ಅರಿಯದವರಾರು? ಸೂಕ್ಷ್ಮಕಣಗಳ ಸ್ವಭಾವವೂ ಅದೇ, ಮತ್ತು ಇಲ್ಲಿ ಸೌಟಿನಿಂದ ಕಲಕಿ ಪ್ರಯೋಜನವಿಲ್ಲ. ಆದುದರಿಂದ ಪ್ರತಿ ಕಣದ ಮೈಗೂ ಪ್ಲಾಸ್ಟಿಕಿನೊಡನೆ ಹೊಂದಿಕೊಳ್ಳುವ ಸಾವಯವ ಅಣುಗಳನ್ನು, ಸಾಮಾನ್ಯವಾಗಿ ಸಿಲೇನುಗಳನ್ನು, ಅಂಟಿಸುತ್ತಾರೆ. ಬಳಿಕ ಅವನ್ನು ದ್ರವರೂಪದ ಮೀಥೈಲ್ ಮೆಥಾಕ್ರಿಲೇಟಿನಲ್ಲಿ ಹರಡಿ, ಆ ದ್ರವವನ್ನೇ ಪಾಲಿಮರ್ ಆಗಿ ಗಟ್ಟಿಗೊಳಿಸುತ್ತಾರೆ. ಟೈಟಾನಿಯಂ ಡೈಆಕ್ಸೈಡಿಗೆ ಇನ್ನೊಂದು ಕೆಟ್ಟ ಗುಣವುಂಟು: ಬಿಸಿಲಿನ ಅತಿನೇರಳೆ ಕಿರಣ ತಗುಲಿದರೆ ಅದು ತನ್ನನ್ನು ಹೊತ್ತ ಪ್ಲಾಸ್ಟಿಕನ್ನೇ ಕೆಡಿಸತೊಡಗುತ್ತದೆ. ಅದಕ್ಕೆ ಸಿಲಿಕಾದ ಕವಚ ತೊಡಿಸುವುದೋ, ಸೂಚ್ಯಂಕ ಸ್ವಲ್ಪ ಕಡಿಮೆಯಾದರೂ ಸಾಧುವಾದ ಜಿರ್ಕೋನಿಯಾವನ್ನು ಆರಿಸುವುದೋ ಪರಿಹಾರ.

ಚದುರಿಕೆಯನ್ನು ತರಗತಿಯಲ್ಲಿ ತೋರಿಸಲು ಹೆಚ್ಚಿನ ಸಲಕರಣೆ ಬೇಡ. ಕತ್ತಲೆಯ ಕೋಣೆಯಲ್ಲಿ ತಿಳಿನೀರಿನ ಲೋಟಕ್ಕೆ ಟಾರ್ಚು ಹಿಡಿದರೆ ಬೆಳಕಿನ ಜಾಡು ಹೆಚ್ಚುಕಡಿಮೆ ಕಾಣದು. ಎರಡು ಹನಿ ಹಾಲು ಬಿಟ್ಟೊಡನೆ ಅದು ಬಿಳಿಯ ಕೋಲಿನಂತೆ ಎದ್ದು ತೋರುತ್ತದೆ.