‘ವಿಷ ಹೊರಗೆ ಬರ್ತಿದೆ’ ಎಂದರೆ ನಂಬಬೇಕೆ?

ನಾಟಿ ಮದ್ದು, ಹೋಮಿಯೋಪಥಿ ಗುಳಿಗೆ, ಡಿಟಾಕ್ಸ್ ಪುಡಿ ಶುರು ಮಾಡಿದ ಮೇಲೆ ತುರಿಕೆ, ಭೇದಿ, ತಲೆನೋವು ಕಾಣಿಸಿಕೊಂಡರೆ ‘ಹೆದರಬೇಡಿ, ವಿಷ ಹೊರಗೆ ಬರ್ತಿದೆ, ಮದ್ದು ಹಿಡಿದಿದೆ’ ಎನ್ನುವವರಿದ್ದಾರೆ. ಕಾಯಿಲೆ ಇಳಿದರೂ ಮದ್ದಿನ ಗುಣ, ಏರಿದರೂ ಮದ್ದಿನ ಗುಣ ಎಂದಾದರೆ ಮದ್ದು ಕೆಲಸ ಮಾಡಿಲ್ಲವೆಂದು ತಿಳಿಯುವುದು ಹೇಗೆ?

ಚಿಕಿತ್ಸೆ ಆರಂಭವಾದೊಡನೆ ಲಕ್ಷಣ ಉಲ್ಬಣಿಸುವುದು ಕೆಲವೆಡೆ ನಿಜ. ಸಿಫಿಲಿಸ್, ಇಲಿಜ್ವರಕ್ಕೆ ಆ್ಯಂಟಿಬಯೋಟಿಕ್ ಕೊಟ್ಟಾಗ ಕೆಲವರಿಗೆ ಚಳಿಜ್ವರ ಬಂದು ಸುಮಾರು ಒಂದು ದಿನದಲ್ಲಿ ಇಳಿಯುತ್ತದೆ. ಅದಕ್ಕೆ ಸಾಯುತ್ತಿರುವ ಬ್ಯಾಕ್ಟೀರಿಯಾಗಳೇ ಕಾರಣ. ಈ ವಿವರಣೆ ಕಂಡಕಂಡ ಮದ್ದಿಗೆಲ್ಲ ಹೊಂದುವುದಿಲ್ಲ. ಹೋಮಿಯೋಪಥಿಯ 24 ಪ್ರಯೋಗಗಳನ್ನು 2003ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ಮದ್ದು ಪಡೆದವರಲ್ಲಿ ಇಂಥ ಉಲ್ಬಣದ 63 ಪ್ರಕರಣಗಳಿದ್ದವು. ಮದ್ದೇ ಇಲ್ಲದ ಹುಸಿ ಗುಳಿಗೆ ನುಂಗಿದವರಲ್ಲೂ 50 ಇದ್ದವು.

ಹಾಗಾದರೆ ಏನು ಮಾಡಬೇಕು?

1. ಹೊಸ ಮದ್ದನ್ನು ನಿಲ್ಲಿಸಿ. ಬಿ.ಪಿ., ಶುಗರ್ ಮಾತ್ರೆಗಳನ್ನು ಮಾತ್ರ ವೈದ್ಯರನ್ನು ಕೇಳದೆ ಬಿಡಬೇಡಿ.

2. ಬರೆದಿಡಿ. ಮದ್ದು ಶುರುವಾದ ದಿನ, ಪ್ರಮಾಣ, ತೊಂದರೆ ಕಂಡ ಸಮಯ, ಜತೆಗೆ ತೆಗೆದುಕೊಳ್ಳುತ್ತಿರುವ ಬೇರೆ ಔಷಧಿ. ಮದ್ದು ಬಿಟ್ಟ ಮೇಲೆ ತೊಂದರೆ ಇಳಿಯಿತೇ ಎಂಬುದನ್ನೂ ಗಮನಿಸಿ.

3. ಅಪಾಯದ ಚಿಹ್ನೆ ಗುರುತಿಸಿ. ಉಸಿರಾಟದ ತೊಂದರೆ, ತುಟಿ ಅಥವಾ ಮುಖದ ಊತ, ಮೈಮೇಲೆ ಬೊಕ್ಕೆ, ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು, ನಿಲ್ಲದ ವಾಂತಿ– ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ.

4. ಡಬ್ಬಿ, ಪೊಟ್ಟಣ ಜತೆಗೊಯ್ಯಿರಿ. ‘ಗಿಡಮೂಲಿಕೆ ತಾನೆ’ ಎಂದು ಮುಚ್ಚಿಡಬೇಡಿ. ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಕೆಲವು ಮದ್ದುಗಳಲ್ಲಿ ಸೀಸ, ಪಾದರಸವೂ ಪತ್ತೆಯಾಗಿವೆ. ಅನುಮಾನವಿದ್ದರೆ ವೈದ್ಯರು ಯಕೃತ್ತು, ಮೂತ್ರಪಿಂಡದ ರಕ್ತಪರೀಕ್ಷೆ ಬರೆದುಕೊಡುತ್ತಾರೆ.

5. ಮದ್ದು ಕೊಟ್ಟವರನ್ನು ಕೇಳಿ. ಇದರಲ್ಲಿ ಏನೇನಿದೆ? ಈ ಉಲ್ಬಣ ಎಷ್ಟು ದಿನದಲ್ಲಿ ಇಳಿಯಬೇಕು? ಇಳಿಯದಿದ್ದರೆ ಮದ್ದು ಸರಿಯಿಲ್ಲವೆಂದು ಒಪ್ಪುತ್ತೀರಾ? ನೇರ ಉತ್ತರ ಸಿಗದಿದ್ದರೆ ಆ ಮದ್ದು ಮತ್ತೆ ಬೇಡ.

6. ದೂರು ದಾಖಲಿಸಿ. ಔಷಧಿಗಳ ಅಡ್ಡಪರಿಣಾಮ ತಿಳಿಸಲು 1800-180-3024 ಉಚಿತ ಸಹಾಯವಾಣಿ ಇದೆ. ಗಿಡಮೂಲಿಕೆ ಮದ್ದಿನ ತೊಂದರೆಯನ್ನೂ ಇಲ್ಲಿ ಹೇಳಬಹುದು.

ಮದ್ದು ಕೆಲಸ ಮಾಡುತ್ತಿದೆ ಎನ್ನಲು ಮೂಲ ಕಾಯಿಲೆ ಇಳಿಯಬೇಕು, ಪರೀಕ್ಷೆಯ ವರದಿ ಸುಧಾರಿಸಬೇಕು. ಹೊಸ ನೋವನ್ನು ಗುಣವೆಂದು ಸಹಿಸಿಕೊಂಡು ಚಿಕಿತ್ಸೆ ತಡಮಾಡಬೇಡಿ.