ಹೊನ್ನೆಂಬ ನುಡಿ

ಉಡುಪಿಯ ದಕ್ಷಿಣಕ್ಕೆ, ಕಡಲ ದಂಡೆಯಲ್ಲಿರುವ ಮಟ್ಟು ಗ್ರಾಮವು ಮಟ್ಟುಗುಳ್ಳವೆಂಬ ಬದನೆಗೆ ಹೆಸರಾದುದು. ಅಲ್ಲಿಯ ತುಳು ಮನೆಗಳಲ್ಲಿ ಹೂವನ್ನು ‘ಪೂ’ ಎಂದೂ ಹುಲಿಯನ್ನು ‘ಪಿಲಿ’ ಎಂದೂ ಕರೆಯುತ್ತಾರೆ. ಇವು ಕನ್ನಡವನ್ನು ಕೆಡಿಸಿ ಆಡಿದ ಮಾತುಗಳೆಂದು ಭಾವಿಸುವವರುಂಟು. ಅದು ಸರಿಯಲ್ಲ. ಹಳಗನ್ನಡದಲ್ಲಿಯೂ ಇಂತಹ ಶಬ್ದಗಳ ಮೊದಲಲ್ಲಿ ಪಕಾರವೇ ಇದ್ದಿತು. ನಡುಗನ್ನಡದ ಹೊತ್ತಿಗೆ ಅದು ಹಕಾರವಾಯಿತು. ತುಳುವು ಹಳೆಯ ಧ್ವನಿಯನ್ನು ಉಳಿಸಿಕೊಂಡಿತು.

‘ಹೊನ್ನು’ ಎಂಬುದರ ಕಥೆಯೂ ಇದೇ. ಅದರ ಹಳೆಯ ರೂಪ ‘ಪೊನ್’. ತಮಿಳಿನಲ್ಲಿ ಇಂದಿಗೂ ಅದು ‘ಪೊನ್’ ಆಗಿಯೇ ಇದೆ. ತುಳುವಿನ ‘ಪೊಣ್ಣು’ ಮಾತ್ರ ಬೇರೆ; ಅದಕ್ಕೆ ಹುಡುಗಿ ಎಂದರ್ಥ.

ರೋಮನರ ಲ್ಯಾಟಿನ್ ಭಾಷೆಯಲ್ಲಿ ಚಿನ್ನಕ್ಕೆ ‘ಔರುಮ್’ ಎಂದು ಹೆಸರು. ಚಿನ್ನದ ವಸ್ತುವನ್ನು ಹೇಳುವ ವಿಶೇಷಣವು ಅಲ್ಲಿ ಲಿಂಗವನ್ನನುಸರಿಸಿ ಬದಲಾಗುತ್ತದೆ: ಪುಲ್ಲಿಂಗದಲ್ಲಿ ‘ಔರೆಯುಸ್’, ಸ್ತ್ರೀಲಿಂಗದಲ್ಲಿ ‘ಔರೆಯ’, ನಪುಂಸಕಲಿಂಗದಲ್ಲಿ ‘ಔರೆಯುಮ್’. ನಪುಂಸಕದ ಬಹುವಚನವೂ ‘ಔರೆಯ’ ಎಂದೇ ಆಗುವುದರಿಂದ, ಆ ಒಂದೇ ಪದ ‘ಚಿನ್ನದ ವಸ್ತುಗಳು’ ಎಂಬ ಅರ್ಥವನ್ನು ಕೊಡಬಲ್ಲುದು. ಕನ್ನಡಕ್ಕೆ ಇಷ್ಟು ತೊಡಕಿಲ್ಲ. ಹೊನ್ನಿನ ಉಂಗುರ, ಹೊನ್ನಿನ ಬಳೆ, ಹೊನ್ನಿನ ಗೊಂಬೆ ಎಂಬಲ್ಲೆಲ್ಲ ಷಷ್ಠೀ ವಿಭಕ್ತಿಯ ‘ಹೊನ್ನಿನ’ ಎಂಬ ರೂಪ ಕದಲುವುದಿಲ್ಲ. ಅದಕ್ಕೆ ‘ಅವು’ ಸೇರಿದರೆ ‘ಹೊನ್ನಿನವು’; ಲ್ಯಾಟಿನ್ನಿನ ‘ಔರೆಯ’ ಹೇಳಿದ್ದೂ ಇದನ್ನೇ.

ರೋಮನರ ಚಿನ್ನದ ನಾಣ್ಯಕ್ಕೆ ‘ಔರೆಯುಸ್’ ಎಂದೇ ಹೆಸರಾಯಿತು. ಕನ್ನಡದಲ್ಲಿಯೂ ‘ಹೊನ್ನು’ ಲೋಹಕ್ಕಷ್ಟೇ ಅಲ್ಲದೆ ನಾಣ್ಯಕ್ಕೂ ಸಂದಿತು. ಮಟ್ಟುವಿಗೆ ಸಮೀಪದ ಉದ್ಯಾವರದಿಂದ ಆಳಿದ ಆಳುಪರು ಚಿನ್ನದ ನಾಣ್ಯಗಳನ್ನು ಟಂಕಿಸಿದ್ದರು. ಅವುಗಳ ಮೇಲೆ ಜೋಡಿ ಮೀನುಗಳ ಲಾಂಛನವಿದೆ.

ಇಂದು ಅಂಗಡಿಯಲ್ಲಿ ಹೊನ್ನನ್ನು ಕೇಳುವವರಿಲ್ಲ. ಕನ್ನಡದಲ್ಲಿ ಚಿನ್ನ, ಬಂಗಾರ, ತುಳುವಿನಲ್ಲಿ ‘ಬಂಗಾರ್’ ಅದರ ಸ್ಥಾನವನ್ನು ಪಡೆದಿವೆ. ಆದರೆ ಸಮಾಸಗಳಲ್ಲಿ ಅದು ಅಳಿದಿಲ್ಲ. ಕ, ತ, ಪಗಳಿಗೆ ಗ, ದ, ಬಗಳು ಬರುವ ಆದೇಶಸಂಧಿಯನ್ನು 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ನಿರೂಪಿಸಿದ್ದಾನೆ. ಅದರಂತೆ ಹೊನ್ ಮತ್ತು ಕಿರಣ ಸೇರಿ ಹೊಂಗಿರಣ. ಹೊನ್ ಮತ್ತು ತಾವರೆ ಸೇರಿ ಹೊಂದಾವರೆ. ಅಡಕೆಯ ಎಳೆಯ ಹೂಗೊಂಚಲಿನ ಹೆಸರಾದ ಹೊಂಬಾಳೆಯನ್ನು ಬಿಡಿಸುವಾಗ ಮಾತ್ರ ವಿದ್ಯಾರ್ಥಿ ತಡವರಿಸುತ್ತಾನೆ. ಕನ್ನಡದ ಇಂದಿನ ‘ಹಾಳೆ’ಯಿಂದ ಅಲ್ಲಿಯ ಬಕಾರ ಹುಟ್ಟಲಾರದು. ಮಟ್ಟುವಿನ ಹುಡುಗನಿಗೆ ಅದು ಕಷ್ಟವಲ್ಲ. ಅವನ ಮನೆಯಲ್ಲಿ ಅಡಕೆಯ ಹಾಳೆಗೆ ಇಂದಿಗೂ ‘ಪಾಳೆ’ ಎಂದೇ ಹೆಸರು.