ಎಪ್ಪತ್ತೈದು ಸೆಂಟಿನ ಲೆಕ್ಕ

1986ನೆಯ ಇಸವಿಯ ಆಗಸ್ಟ್ ತಿಂಗಳು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ತರುಣ ಖಗೋಳವಿಜ್ಞಾನಿಯನ್ನು ಹೊಸ ಕೆಲಸವೊಂದಕ್ಕೆ ಹಚ್ಚಲಾಯಿತು. ಖಗೋಳವಿಜ್ಞಾನದ ಕೆಲಸಕ್ಕೆ ದೊರೆಯುತ್ತಿದ್ದ ಧನಸಹಾಯವು ಮುಗಿದುಹೋದುದರಿಂದ ಅವರು ಗಣಕಯಂತ್ರಗಳ ಮೇಲ್ವಿಚಾರಣೆಯನ್ನು ವಹಿಸಿಕೊಳ್ಳಬೇಕಾಯಿತು. ಆ ಕಾಲದಲ್ಲಿ ಗಣಕಯಂತ್ರವು ಮನೆಮನೆಯ ವಸ್ತುವಾಗಿರಲಿಲ್ಲ. ಅದನ್ನು ಎಷ್ಟು ಹೊತ್ತು ಬಳಸಿದರೋ ಅಷ್ಟಕ್ಕೆ ಹಣ ತೆರಬೇಕಾಗಿತ್ತು. ಆ ಲೆಕ್ಕವನ್ನೂ ಯಂತ್ರವೇ ಇಡುತ್ತಿತ್ತು. ತಿಂಗಳ ಲೆಕ್ಕದಲ್ಲಿ ಎಪ್ಪತ್ತೈದು ಸೆಂಟುಗಳ ವ್ಯತ್ಯಾಸ ಕಂಡುಬಂದಿತು. ಒಂದು ಡಾಲರಿಗೂ ಕಡಿಮೆಯಾದ ಈ ಮೊತ್ತವನ್ನು ಬೇರೆ ಯಾರಾದರೂ ಕೈಬಿಟ್ಟುಬಿಡುತ್ತಿದ್ದರು. ಆದರೆ ದೊಡ್ಡ ತಪ್ಪಿಗಿಂತ ಸಣ್ಣ ತಪ್ಪೇ ಹುಡುಕುವವನನ್ನು ಹೆಚ್ಚು ಕಾಡುತ್ತದೆ ಎಂಬುದನ್ನು ಅಂಗಡಿಯ ಲೆಕ್ಕ ಬರೆಯುವವರೆಲ್ಲರೂ ಬಲ್ಲರು.

ಹುಡುಕುತ್ತ ಹೋದಂತೆ, ಅನುಮತಿಯಿಲ್ಲದ ಯಾರೋ ಒಬ್ಬನು ಕೆಲವೇ ಸೆಕೆಂಡುಗಳ ಕಾಲ ಯಂತ್ರವನ್ನು ಬಳಸಿ ಹಣ ತೆರದೆ ಹೋಗಿದ್ದಾನೆಂದು ತಿಳಿಯಿತು. ಅವನು ಒಳಹೊಕ್ಕ ಬಗೆಯು ವಿಚಿತ್ರವಾಗಿತ್ತು. ಯಂತ್ರವು ತಾನಾಗಿಯೇ ಆಗಾಗ ನಡೆಸುವ ಒಂದು ಕಾರ್ಯಕ್ರಮದ ಜಾಗದಲ್ಲಿ ಅವನು ತನ್ನದೊಂದು ಕಾರ್ಯಕ್ರಮವನ್ನು ಇರಿಸಿದ್ದನು. ಯಂತ್ರವು ಅದನ್ನು ತನ್ನದೆಂದೇ ನಂಬಿ ನಡೆಸಿ, ಎಲ್ಲ ಅಧಿಕಾರವನ್ನೂ ಅವನ ಕೈಗೆ ಒಪ್ಪಿಸಿತು. ಕಾಗೆಯ ಗೂಡಿನಲ್ಲಿ ಕೋಗಿಲೆಯು ಮೊಟ್ಟೆಯಿಡುವ ಸಂಗತಿ ಎಲ್ಲರಿಗೂ ತಿಳಿದದ್ದೇ. ಪರರಿಂದ ಪೋಷಿತವಾದುದೆಂಬ ಅರ್ಥದಲ್ಲಿಯೇ ನಮ್ಮ ಹಿಂದಿನವರು ಕೋಗಿಲೆಯನ್ನು ಪರಭೃತವೆಂದು ಕರೆದರು. ಸ್ಟಾಲ್ ಅವರಿಗೂ ಇದೇ ಹೋಲಿಕೆ ಹೊಳೆಯಿತು. 1989ರಲ್ಲಿ ಅವರು ಬರೆದ ಪುಸ್ತಕದ ಹೆಸರು ‘ದಿ ಕುಕೂಸ್ ಎಗ್’, ಎಂದರೆ ಕೋಗಿಲೆಯ ಮೊಟ್ಟೆ.

ಕಳ್ಳನನ್ನು ಕೂಡಲೆ ಹೊರದೂಡಿ ಬಾಗಿಲು ಭದ್ರಪಡಿಸಬಹುದಾಗಿತ್ತು. ಸ್ಟಾಲ್ ಹಾಗೆ ಮಾಡಲಿಲ್ಲ. ರಜೆಯ ದಿನಗಳಲ್ಲಿ ಸಹೋದ್ಯೋಗಿಗಳ ಮೇಜುಗಳ ಮೇಲಿದ್ದ ಯಂತ್ರಗಳನ್ನು ಎರವಲು ತಂದು, ಹೊರಗಿನಿಂದ ಬರುವ ಐವತ್ತು ದೂರವಾಣಿ ತಂತಿಗಳಿಗೂ ಜೋಡಿಸಿದರು. ಆಗಂತುಕನು ಒತ್ತಿದ ಒಂದೊಂದು ಅಕ್ಷರವೂ ಕಾಗದದ ಮೇಲೆ ಮುದ್ರಿತವಾಯಿತು. ಅವನು ವಿದ್ಯಾರ್ಥಿಯಂತೆ ಚೇಷ್ಟೆಗಾಗಿ ಬಂದವನಾಗಿರಲಿಲ್ಲ. ಸೇನೆಯ ಗಣಕಯಂತ್ರಗಳಿಗೆ ದಾರಿ ಹುಡುಕುತ್ತ, ಪರಮಾಣು ಅಸ್ತ್ರಗಳಿಗೆ ಸಂಬಂಧಿಸಿದ ಪದಗಳನ್ನು ಅರಸುತ್ತಿದ್ದನು. ಹೀಗಿದ್ದರೂ ಹಾನಿಯ ಮೊತ್ತವನ್ನು ಕೇಳಿದ ತನಿಖಾಧಿಕಾರಿಗಳು ಮೊದಮೊದಲು ಆಸಕ್ತಿ ತೋರಲಿಲ್ಲ. ಎಪ್ಪತ್ತೈದು ಸೆಂಟಿನ ಕಳವಿಗಾಗಿ ದೇಶದೇಶಗಳ ಪೊಲೀಸರನ್ನು ಎಬ್ಬಿಸುವುದು ಅವರಿಗೆ ಹುಚ್ಚಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಜಾಡು ಕೊನೆಗೆ ಪಶ್ಚಿಮ ಜರ್ಮನಿಯನ್ನು ಮುಟ್ಟಿತು. ಅಲ್ಲಿನ ದೂರವಾಣಿ ಕೇಂದ್ರಗಳಲ್ಲಿ ಹಳೆಯ ಯಂತ್ರಗಳಿದ್ದುದರಿಂದ ಕರೆಯ ಮೂಲವನ್ನು ಸಿಬ್ಬಂದಿಯೇ ತಂತಿ ತಂತಿಯಾಗಿ ಹಿಡಿದು ಹೋಗಬೇಕಾಗಿತ್ತು. ಅದಕ್ಕೆ ಬಹಳ ಹೊತ್ತು ಬೇಕು. ಆಗಂತುಕನಾದರೋ ಕೆಲವೇ ನಿಮಿಷಗಳಲ್ಲಿ ಮಾಯವಾಗುತ್ತಿದ್ದನು. ಆಗ ಅಮೆರಿಕದ ಕ್ಷಿಪಣಿ ರಕ್ಷಣಾ ಯೋಜನೆಗೆ ಸಂಬಂಧಿಸಿದವೆಂಬಂತೆ ತೋರುವ ಸುಳ್ಳು ಕಡತಗಳನ್ನು ರಾಶಿಗಟ್ಟಲೆ ಸೃಷ್ಟಿಸಿ ಯಂತ್ರದಲ್ಲಿರಿಸಲಾಯಿತು. ಆಗಂತುಕನು ಅವುಗಳನ್ನು ಓದುತ್ತ ಕುಳಿತನು, ಮತ್ತು ಸಿಕ್ಕಿಬಿದ್ದನು. ಹ್ಯಾನೋವರ್ ನಗರದ ಮಾರ್ಕುಸ್ ಹೆಸ್ ಎಂಬ ಆ ತರುಣನೂ ಅವನ ಸಂಗಡಿಗರೂ ಕದ್ದ ಮಾಹಿತಿಯನ್ನು ಸೋವಿಯತ್ ಒಕ್ಕೂಟದ ಬೇಹುಗಾರಿಕೆ ಸಂಸ್ಥೆಯಾದ ಕೆ.ಜಿ.ಬಿ.ಗೆ ಮಾರುತ್ತಿದ್ದರು. 1990ರಲ್ಲಿ ನ್ಯಾಯಾಲಯವು ಅವರನ್ನು ಅಪರಾಧಿಗಳೆಂದು ತೀರ್ಮಾನಿಸಿ, ಅಮಾನತಿನಲ್ಲಿಟ್ಟ ಸೆರೆವಾಸವನ್ನು ವಿಧಿಸಿತು.

ಈ ಬೇಟೆಯಲ್ಲಿ ಗೆದ್ದದ್ದು ಯಾವುದು? ತಂತಿ, ಯಂತ್ರ, ಮುದ್ರಕಗಳು ಕಳ್ಳನ ಹೆಜ್ಜೆಯನ್ನು ತೋರಿಸಿದವು, ನಿಜ. ಆದರೆ ಅವನನ್ನು ಹಿಡಿದು ನಿಲ್ಲಿಸಿದ್ದು ಅವನಿಗೇನು ಬೇಕಾಗಿದೆ ಎಂಬ ತಿಳಿವಳಿಕೆ. ಯಂತ್ರದ ಬಲಹೀನತೆಯನ್ನು ಅರಿಯುವುದು ಒಂದು ವಿದ್ಯೆ. ಮನುಷ್ಯನ ಆಸೆಯನ್ನು ಅರಿಯುವುದು ಮತ್ತೊಂದು. ಮೊದಲನೆಯದನ್ನು ಇಂದು ಸೈಬರ್ ಭದ್ರತೆ ಎನ್ನುತ್ತಾರೆ. ಎರಡನೆಯದು ಅಪರಾಧಶಾಸ್ತ್ರದ ಪಾಲಿಗೆ ಬರುತ್ತದೆ.

ಅಪರಾಧಶಾಸ್ತ್ರವು ಎರಡರಲ್ಲಿ ಹಿರಿಯದು. 1764ರಲ್ಲಿಯೇ ಇಟಲಿಯ ಚೆಜಾರೆ ಬೆಕ್ಕಾರಿಯ ಎಂಬ ಚಿಂತಕನು, ಶಿಕ್ಷೆ ಕ್ರೂರವಾಗಿರುವುದಕ್ಕಿಂತ ತಪ್ಪದೆ ಬರುವಂತಿರುವುದು ಮುಖ್ಯವೆಂದು ವಾದಿಸಿದ್ದನು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದ ವಿಚಾರವೊಂದನ್ನು 1979ರಲ್ಲಿ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಮುಂದಿಟ್ಟರು. ಎರಡನೆಯ ಮಹಾಯುದ್ಧದ ಬಳಿಕ ಆ ದೇಶದಲ್ಲಿ ಸಂಪತ್ತು ಹೆಚ್ಚಿದರೂ ಕಳವು ಏಕೆ ಕಡಿಮೆಯಾಗಲಿಲ್ಲ ಎಂಬುದು ಅವರ ಪ್ರಶ್ನೆ. ಮನೆಮಂದಿಯೆಲ್ಲ ಹೊರಗೆ ದುಡಿಯಲು ಹೋಗತೊಡಗಿದ್ದರಿಂದ ಹಗಲಿನಲ್ಲಿ ಮನೆಗಳು ಬರಿದಾದವು; ಹೊತ್ತೊಯ್ಯಲು ಹಗುರವಾದ, ಆದರೆ ಬೆಲೆಬಾಳುವ ವಸ್ತುಗಳು ಮನೆತುಂಬ ಬಂದವು. ಕದಿಯುವ ಮನಸ್ಸುಳ್ಳವನು, ಕದಿಯಲು ತಕ್ಕ ವಸ್ತು, ಕಾಯುವವರ ಅಭಾವ ಈ ಮೂರೂ ಒಂದೆಡೆ ಕೂಡಿದಾಗ ಅಪರಾಧ ನಡೆಯುತ್ತದೆ ಎಂದು ಅವರು ಹೇಳಿದರು.

ಈ ಮಾತನ್ನು ನಮ್ಮ ಹಳ್ಳಿಗೆ ಅನ್ವಯಿಸಿ ನೋಡಬಹುದು. ಅಪರಿಚಿತನೊಬ್ಬನು ಊರೊಳಗೆ ಕಾಲಿಟ್ಟರೆ ನಾಯಿ ಬೊಗಳುತ್ತದೆ, ಜಗಲಿಯ ಮೇಲೆ ಕುಳಿತ ಅಜ್ಜನು “ಯಾವೂರಪ್ಪಾ? ಯಾರ ಮನೆಗೆ ಬಂದದ್ದು?” ಎಂದು ವಿಚಾರಿಸುತ್ತಾನೆ. ಆ ಅಜ್ಜನೇ ಕಾವಲು. ಅಂಗೈಯಲ್ಲಿರುವ ದೂರವಾಣಿಗೆ ಅಂಥ ಜಗಲಿಯಿಲ್ಲ. ಪೊಲೀಸ್ ಸಮವಸ್ತ್ರ ಧರಿಸಿದವನೊಬ್ಬನು ಅದರ ಪರದೆಯ ಮೇಲೆ ಕಾಣಿಸಿಕೊಂಡು, ನಿಮ್ಮ ಹೆಸರಿನ ಪೊಟ್ಟಣದಲ್ಲಿ ಮಾದಕವಸ್ತು ಸಿಕ್ಕಿದೆ, ನಿಮ್ಮನ್ನು ‘ಡಿಜಿಟಲ್ ಬಂಧನ’ದಲ್ಲಿ ಇರಿಸಲಾಗಿದೆ, ಯಾರಿಗೂ ಹೇಳಕೂಡದು ಎಂದು ಗದರಿಸುತ್ತಾನೆ. ಅಂಥ ಬಂಧನವು ಭಾರತದ ಯಾವ ಕಾನೂನಿನಲ್ಲಿಯೂ ಇಲ್ಲ. ಆದರೂ ವಿದ್ಯಾವಂತರೇ ಹೆದರಿ ಜೀವಮಾನದ ಉಳಿತಾಯವನ್ನು ಕಳುಹಿಸಿಬಿಡುತ್ತಾರೆ. ಇಲ್ಲಿ ಯಾವ ಬೀಗವೂ ಮುರಿದಿಲ್ಲ, ಯಾವ ಗುಪ್ತಪದವೂ ಕಳವಾಗಿಲ್ಲ. ‘ಯಾರಿಗೂ ಹೇಳಕೂಡದು’ ಎಂಬ ಒಂದು ಮಾತಿನಿಂದ ವಂಚಕನು ಮನೆಯ ಕಾವಲನ್ನೆಲ್ಲ ದೂರ ಸರಿಸುತ್ತಾನೆ. ಹಣ ಕಳೆದುಕೊಂಡವರು ತಡಮಾಡದೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸಿದರೆ, ಹಣವು ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಹಿಡಿಯಲು ಅವಕಾಶವುಂಟು.

ಎರಡು ವಿದ್ಯೆಗಳನ್ನೂ ಒಟ್ಟಿಗೆ ಕಲಿಸುವ ಪದವಿಗಳು ಬ್ರಿಟನ್ನಿನ ಕೆಲವು ವಿಶ್ವವಿದ್ಯಾಲಯಗಳಲ್ಲಿ ಇವೆ. ಭಾರತದಲ್ಲಿ ಸಂಸತ್ತಿನ ಕಾಯಿದೆಯಿಂದ 2020ರಲ್ಲಿ ರೂಪುಗೊಂಡ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯವು ಈ ಬಗೆಯ ಶಿಕ್ಷಣವನ್ನು ನೀಡುತ್ತದೆ. ಅದರ ಕೇಂದ್ರ ಗಾಂಧಿನಗರದಲ್ಲಿದ್ದರೂ ನಮ್ಮ ಧಾರವಾಡದಲ್ಲಿಯೂ ಒಂದು ಆವರಣವಿದೆ. ಇಂಥಲ್ಲಿ ಕಲಿಯುವವನು ವಶಪಡಿಸಿಕೊಂಡ ಯಂತ್ರದ ಮೂಲಪ್ರತಿಯನ್ನು ಮುಟ್ಟದೆ, ಅದರ ನಕಲನ್ನು ಮಾತ್ರ ಪರೀಕ್ಷಿಸಲು ಅಭ್ಯಾಸ ಮಾಡುತ್ತಾನೆ. ಮೂಲಕ್ಕೂ ನಕಲಿಗೂ ‘ಹ್ಯಾಶ್’ ಎಂಬ ಗಣಿತದ ಗುರುತೊಂದನ್ನು ತೆಗೆಯಲಾಗುತ್ತದೆ. ಒಂದೇ ಒಂದು ಅಕ್ಷರ ಬದಲಾದರೂ ಆ ಗುರುತು ಪೂರ್ತಿ ಬೇರೆಯಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ, ಇಂಥ ಸಾಕ್ಷ್ಯದೊಂದಿಗೆ ಸಲ್ಲಿಸಬೇಕಾದ ಪ್ರಮಾಣಪತ್ರದಲ್ಲಿ ಈ ಗುರುತನ್ನೂ ನಮೂದಿಸಬೇಕೆಂದಿದೆ. ಗಣಿತವು ನ್ಯಾಯಾಲಯದ ಕಟಕಟೆಯನ್ನು ಏರಿದೆ ಎನ್ನಬಹುದು.

ಎರಡು ವಿದ್ಯೆಗಳ ಸಂಗಮದಿಂದ ಏನಾಗಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯವು ಒಂದು ಒಳ್ಳೆಯ ನಿದರ್ಶನ. ಅಲ್ಲಿ ಗಣಕವಿಜ್ಞಾನದ ಪ್ರಯೋಗಾಲಯವು 1937ರಲ್ಲಿ ಆರಂಭವಾಯಿತು. ಅಪರಾಧಶಾಸ್ತ್ರ ಸಂಸ್ಥೆಯು 1959ರಲ್ಲಿ ಹುಟ್ಟಿತು. 2015ರಲ್ಲಿ ಕಾನೂನಿನ ವಿದ್ವಾಂಸರನ್ನೂ ಕೂಡಿಸಿಕೊಂಡು ಸೈಬರ್ ಅಪರಾಧ ಕೇಂದ್ರವನ್ನು ಸ್ಥಾಪಿಸಲಾಯಿತು. ಅವರು ಕೈಗೆತ್ತಿಕೊಂಡ ವಿಷಯಗಳಲ್ಲಿ ಒಂದು, ಬಾಡಿಗೆಗೆ ದೊರೆಯುವ ಸೈಬರ್ ದಾಳಿ. ಅಲ್ಪ ಹಣ ಕೊಟ್ಟರೆ ಬೇರೊಬ್ಬರ ಅಂತರ್ಜಾಲ ಸಂಪರ್ಕದ ಮೇಲೆ ನಿರರ್ಥಕ ಸಂದೇಶಗಳ ಪ್ರವಾಹವನ್ನು ಹರಿಸಿ ಅದನ್ನು ಸ್ತಬ್ಧಗೊಳಿಸುವ ವ್ಯಾಪಾರವಿದು. ಗಣಕಯಂತ್ರದ ಆಟಗಳಲ್ಲಿ ಎದುರಾಳಿಯನ್ನು ಸೋಲಿಸಲು ಇದನ್ನು ಕೊಳ್ಳುತ್ತಿದ್ದವರಲ್ಲಿ ಎಷ್ಟೋ ಮಂದಿ ಶಾಲೆಗೆ ಹೋಗುವ ಹುಡುಗರು.

ಬ್ರಿಟನ್ನಿನ ಪೊಲೀಸರು ಹಲವು ಉಪಾಯಗಳನ್ನು ಮಾಡಿದರು. ಕೆಲವರಿಗೆ ಶಿಕ್ಷೆಯಾಯಿತು, ಕೆಲವು ತಾಣಗಳನ್ನು ಮುಚ್ಚಿಸಲಾಯಿತು. 2017ರ ಡಿಸೆಂಬರಿನಿಂದ ಸುಮಾರು ಆರು ತಿಂಗಳ ಕಾಲ ಮತ್ತೊಂದು ಪ್ರಯೋಗ ನಡೆಯಿತು. ಅಂಥ ಸೇವೆಯನ್ನು ಹುಡುಕುವ ತರುಣರ ಪರದೆಯ ಮೇಲೆ, ಇದು ಕಾನೂನಿನ ಪ್ರಕಾರ ಅಪರಾಧ ಎಂಬ ಚಿಕ್ಕ ಜಾಹೀರಾತು ಮೂಡುವಂತೆ ಮಾಡಲಾಯಿತು. ಕೇಂಬ್ರಿಜ್ಜಿನ ಗಣಕವಿಜ್ಞಾನಿಗಳು ಬಲೆಯಂತೆ ಒಡ್ಡಿದ್ದ ಯಂತ್ರಗಳು ದಾಳಿಗಳನ್ನು ಎಣಿಸುತ್ತಲೇ ಇದ್ದವು. ಆ ಎಣಿಕೆಯನ್ನು ಅಪರಾಧಶಾಸ್ತ್ರಜ್ಞರು ಪೊಲೀಸರ ಒಂದೊಂದು ಕ್ರಮದ ದಿನಾಂಕದೊಂದಿಗೂ ಹೋಲಿಸಿದರು. 2019ರಲ್ಲಿ ಫಲಿತಾಂಶ ಪ್ರಕಟವಾಯಿತು. ಶಿಕ್ಷೆಯ ಸುದ್ದಿಯ ಪ್ರಭಾವವು ಬೇಗನೆ ಮಾಸಿಹೋಗಿತ್ತು. ತಾಣಗಳನ್ನು ಮುಚ್ಚಿಸಿದಾಗ ದಾಳಿಗಳು ಕೆಲವು ವಾರ ತಗ್ಗಿ ಮತ್ತೆ ಏರಿದ್ದವು. ಆ ಚಿಕ್ಕ ಜಾಹೀರಾತು ಕಾಣಿಸುತ್ತಿದ್ದ ತಿಂಗಳುಗಳಲ್ಲಿ ಮಾತ್ರ, ಅಮೆರಿಕದಲ್ಲಿ ದಾಳಿಗಳು ಏರುತ್ತಲೇ ಇದ್ದಾಗ, ಬ್ರಿಟನ್ನಿನಲ್ಲಿ ಏರಿಕೆಯು ನಿಂತುಹೋಗಿತ್ತು.